ದೇವಾಪುರದಿಂದ ಬಂದ ಸೀಸೆಗಳು

ಹಿಮೋಗ್ಲೋಬಿನ್ ಆರು ಪಾಯಿಂಟ್ ಎಂಟು. ಚೀಟಿಯನ್ನು ಎರಡು ಸಲ ಓದಿ ಮೇಜಿನ ಮೇಲೆ ಕುಕ್ಕಿದೆ. ಹಿಂದಿನ ತಿಂಗಳು ಏಳೂವರೆ ಇತ್ತು, ಅದರ ಹಿಂದಿನ ತಿಂಗಳು ಎಂಟರ ಮೇಲಿತ್ತು. ನಾಲ್ಕು ತಿಂಗಳಿಂದ ವಾರಕ್ಕೆ ಎರಡು ಸಲ ನನ್ನ ಕೈಯಾರೆ ಸೂಜಿ ಚುಚ್ಚುತ್ತಿದ್ದೆ. ಡೋಸನ್ನು ಎರಡು ಸಲ ಏರಿಸಿದ್ದೆವು. ಅಂಕಿ ಮಾತ್ರ ಇಳಿಯುತ್ತಲೇ ಇತ್ತು.

ಶಹಾಪುರದ ಒಂದು ಸಣ್ಣ ಖಾಸಗಿ ಡಯಾಲಿಸಿಸ್ ಘಟಕದಲ್ಲಿ ನಾನು ಹಿರಿಯ ನರ್ಸ್. ಆರು ಯಂತ್ರಗಳು, ಇಬ್ಬರು ತಂತ್ರಜ್ಞರು, ಪ್ರತಿ ಗುರುವಾರ ಕಲಬುರಗಿಯಿಂದ ಬಂದು ಹೋಗುವ ಮೂತ್ರಪಿಂಡದ ವೈದ್ಯರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಆ ಸಿಟ್ಟಿಗೆ ಕಾರಣ ಹುಡುಕಿಕೊಳ್ಳಲು ಆ ತಿಂಗಳು ನನಗೆ ಕಷ್ಟವೇನೂ ಆಗಲಿಲ್ಲ.

ರಕ್ತ ಇಳಿಯುತ್ತಿದ್ದ ಹೆಣ್ಣುಮಗಳಿಗೆ ಇಪ್ಪತ್ತೆಂಟು ವರ್ಷ. ಸುರಪುರದ ಹತ್ತಿರದ ದೇವಾಪುರದವಳು. ಎರಡು ಮಕ್ಕಳ ತಾಯಿ. ಗಂಡ ಕುರಿ ಸಾಕುವವನು, ಮಾತು ಕಡಿಮೆ. ಎರಡನೆಯ ಹೆರಿಗೆಯ ಹೊತ್ತಿಗೆ ಏರಿದ ರಕ್ತದೊತ್ತಡ ಇಳಿಯಲೇ ಇಲ್ಲ, ಯಾರೂ ಗಮನಿಸಲೂ ಇಲ್ಲ. ನಮ್ಮಲ್ಲಿಗೆ ಬರುವಾಗ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಅವಳ ಅವ್ವ ತನ್ನದೊಂದನ್ನು ಕೊಡಲು ಮುಂದೆ ಬಂದಿದ್ದಳು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳು ಮುಗಿಯುತ್ತ ಬಂದಿದ್ದವು. ಉಳಿದಿದ್ದದ್ದು ಕೊನೆಯದೊಂದೇ: ಮಗಳ ರಕ್ತ ಅವ್ವನ ಕೋಶಗಳನ್ನು ಒಪ್ಪುತ್ತದೋ ಇಲ್ಲವೋ ಎಂದು ನೋಡುವ ತಾಳೆ ಪರೀಕ್ಷೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮೂತ್ರಪಿಂಡವೆಂದರೆ ಸೋಸುವ ಜಾಲರಿ ಎಂದಷ್ಟೇ ಎಲ್ಲರೂ ತಿಳಿದಿರುತ್ತಾರೆ. ನಾನೂ ನರ್ಸಿಂಗ್ ಸೇರುವವರೆಗೆ ಹಾಗೆಯೇ ತಿಳಿದಿದ್ದೆ. ಆದರೆ ಅದರೊಳಗೆ, ಸೋಸುವ ಸಣ್ಣ ಕೊಳವೆಗಳ ನಡುವಿನ ಸಂದಿಯಲ್ಲಿ, ಬೇರೆ ಜಾತಿಯ ಕೆಲವು ಕೋಶಗಳಿವೆ. ಹರಿದು ಬರುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅವು ಅಳೆಯುತ್ತಿರುತ್ತವೆ. ಕಡಿಮೆಯಾಯಿತು ಎನಿಸಿದ ಕೂಡಲೇ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಅದು ಎಲುಬಿನ ಮಜ್ಜೆಗೆ ಹೋಗಿ, ಕೆಂಪು ಕಣಗಳನ್ನು ಹೆಚ್ಚು ಮಾಡು ಎಂದು ಹೇಳುತ್ತದೆ. ಮೂತ್ರಪಿಂಡ ಸತ್ತರೆ ಆ ಕೋಶಗಳೂ ಸುಮ್ಮನಾಗುತ್ತವೆ. ನಮ್ಮ ಯಂತ್ರ ರಕ್ತವನ್ನು ತೊಳೆಯಬಲ್ಲದು, ಆ ಹಾರ್ಮೋನನ್ನು ಒಂದು ಹನಿಯೂ ಮಾಡಲಾರದು. ಅದಕ್ಕಾಗಿಯೇ ಹೊರಗೆ ತಯಾರಾದ ಹಾರ್ಮೋನನ್ನು ಸೂಜಿಯಲ್ಲಿ ಕೊಡುತ್ತೇವೆ. ನಮ್ಮ ಘಟಕದಲ್ಲಿ ಅದಕ್ಕೆ ‘ರಕ್ತದ ಸೂಜಿ’ ಎಂದೇ ಹೆಸರು.

ರಕ್ತ ಕಡಿಮೆಯಿದ್ದರೆ ಒಂದು ಬಾಟಲಿ ರಕ್ತ ಏರಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಬೇರೆಯವರಿಗಾದರೆ ಸರಿ. ಕಸಿಗೆ ಕಾದಿರುವವರಿಗೆ ಅನ್ಯರ ರಕ್ತ ಏರಿಸಿದರೆ, ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುವ ಅಪಾಯವಿದೆ. ಆಮೇಲೆ ಸ್ವಂತ ಅವ್ವನ ಮೂತ್ರಪಿಂಡವನ್ನೂ ಅದು ಶತ್ರುವೆಂದೇ ಕಾಣಬಹುದು. ಎರಡು ಹೆರಿಗೆ ಆದವಳಿಗೆ ಆ ಅಪಾಯ ಇನ್ನೂ ಹೆಚ್ಚು. ‘ಏನೇ ಆಗಲಿ, ರಕ್ತ ಏರಿಸದೆ ಸೂಜಿಯಲ್ಲೇ ದಡ ಮುಟ್ಟಿಸಿ’ ಎಂದು ಹೈದರಾಬಾದಿನವರು ಹೇಳಿ ಕಳಿಸಿದ್ದರು. ಮೂತ್ರಪಿಂಡ ಕೊಡಲು ಅವಳ ಅವ್ವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಸೂಜಿ ಏಕೆ ಹತ್ತುತ್ತಿಲ್ಲ ಎಂದು ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಕಬ್ಬಿಣದ ಅಂಶ. ಅದಿಲ್ಲದೆ ಹಾರ್ಮೋನು ಎಷ್ಟು ಹೇಳಿದರೂ ಮಜ್ಜೆ ಏನು ಮಾಡೀತು? ಕಡಿಮೆಯಿತ್ತು, ನರದ ಮೂಲಕ ಐದು ಸಲ ಕೊಟ್ಟೆವು, ಸರಿಹೋಯಿತು. ಹಿಮೋಗ್ಲೋಬಿನ್ ಅಲ್ಲಾಡಲಿಲ್ಲ. ಆಮೇಲೆ ರಕ್ತ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿದೆವು. ಪ್ರತಿ ಸಲ ಡಯಾಲಿಸಿಸ್ ಮುಗಿದಾಗ ನಳಿಗೆಗಳಲ್ಲಿ ರಕ್ತ ಗಟ್ಟಿಯಾಗಿ ಉಳಿಯುತ್ತಿದೆಯೇ ಎಂದು ನಾನೇ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಲ ಪರೀಕ್ಷೆ ಮಾಡಿಸಿದೆವು, ಜಂತುವಿನ ಮಾತ್ರೆ ಕೊಟ್ಟೆವು. ಸೋಂಕಿಲ್ಲ. ಕುತ್ತಿಗೆಯ ಗ್ರಂಥಿ ಸರಿಯಿದೆ. ತೊಳೆಯುವುದು ಸಾಲುತ್ತಿಲ್ಲವೇನೋ ಎಂದು ನಾಲ್ಕು ಗಂಟೆಯನ್ನು ನಾಲ್ಕೂವರೆ ಮಾಡಿದೆವು. ಪಟ್ಟಿಯಲ್ಲಿದ್ದ ಒಂದೊಂದಕ್ಕೂ ಗೀಟು ಹಾಕುತ್ತ ಹೋದೆ, ಕೊನೆಗೆ ಪಟ್ಟಿಯೇ ಮುಗಿಯಿತು. ಇಂಥ ಹೊತ್ತಿನಲ್ಲಿ ಬರುವ ಸಿಟ್ಟು ಕೆಟ್ಟದ್ದು, ಅದಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ.

ನನ್ನ ಕೈಗೆ ಸಿಕ್ಕವನು ಅವಳ ಗಂಡ. ಘಟಕಕ್ಕೆ ಬರುವ ಸೂಜಿಗಳು ಎಲ್ಲರಿಗೂ ಸಾಲುವುದಿಲ್ಲವಾದ್ದರಿಂದ ಕೆಲವರು ಯಾದಗಿರಿಯ ಔಷಧಿ ಅಂಗಡಿಯಿಂದ ತಿಂಗಳಿಗಾಗುವಷ್ಟು ಸೀಸೆಗಳನ್ನು ತಾವೇ ತಂದಿಟ್ಟುಕೊಂಡು, ಬರುವಾಗ ಒಂದೊಂದು ತರುತ್ತಾರೆ. ಕುರಿಗಾರ ತರುತ್ತಿದ್ದ ರೀತಿ ನೋಡಿದರೆ ಯಾರೂ ಮೆಚ್ಚಬೇಕು. ಅಗಲ ಬಾಯಿಯ ಥರ್ಮಾಸು, ಅದರ ತುಂಬ ಐಸು, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆ. ದೇವಾಪುರದಿಂದ ಸುರಪುರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಶಹಾಪುರ. ಆ ಬಿಸಿಲಲ್ಲಿ ಬಂದರೂ ಸೀಸೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಬೇರೆ ರೋಗಿಗಳಿಗೆ ನಾನು ಎಷ್ಟೋ ಸಲ ಹೇಳಿದ್ದುಂಟು: ‘ನೋಡ್ರಿ, ತಂದ್ರ ಇವರಂಗ ತರಬೇಕು.’

ಆ ಚೀಟಿ ಬಂದ ಮುಂದಿನ ಸೋಮವಾರ ಅವನು ಎಂದಿನಂತೆ ಥರ್ಮಾಸು ಹಿಡಿದು ಬಂದ. ನಾನು ಮುಚ್ಚಳ ತೆಗೆದೆ, ಸೀಸೆ ನೋಡಿದೆ, ಅವನ ಮುಖ ನೋಡಿದೆ.

‘ಖರೇ ಹೇಳ್ರಿ,’ ಎಂದೆ. ‘ಔಷಧಿ ಯಾರಿಗಾರ ಮಾರ್ಕೊಂಡು, ಬಾಟ್ಲ್ಯಾಗ ನೀರು ತುಂಬಿ ತರಾಕತ್ತೀರೇನು?’

ಆರು ಹಾಸಿಗೆಗಳ ಮಂದಿ ತಲೆ ಎತ್ತಿದರು. ಅವನು ಥರ್ಮಾಸಿನ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ಮುಚ್ಚಿದ.

‘ಕುರಿ ಮಾರ್ತೀನ್ರಿ ನಾ,’ ಎಂದ. ‘ಹೇಣ್ತಿ ಔಷಧಿ ಮಾರಂಗಿಲ್ಲ.’

ಹೊರಗೆ ನಡೆದುಬಿಟ್ಟ. ಹಾಸಿಗೆಯ ಮೇಲಿದ್ದ ಹೆಂಡತಿ, ಆಗಲೇ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದವಳು, ನಿಧಾನಕ್ಕೆ ಹೇಳಿದಳು: ‘ಸಿಸ್ಟರ್, ಬಾಟ್ಲಿ ಸೀಲ್ ಪ್ರತಿ ಸಲ ನೀವೇ ಒಡೀತೀರಲ್ರಿ.’

ಹೌದು, ನಾನೇ ಒಡೆಯುತ್ತಿದ್ದೆ. ಅಲ್ಯೂಮಿನಿಯಮ್ ಪಟ್ಟಿಯನ್ನು ಉಗುರಿನಿಂದ ಎತ್ತಿ, ರಬ್ಬರಿನ ಮೇಲೆ ಸ್ಪಿರಿಟ್ ಒರೆಸಿ, ಸೂಜಿ ಚುಚ್ಚಿ ಎಳೆದುಕೊಳ್ಳುವವಳು ನಾನೇ. ಒಂದು ಸಲವೂ ಸೀಲು ಸಡಿಲವಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಹೊರಗೆ ಹೋಗಿ ಅವನಿಗೆ ತಪ್ಪಾಯಿತು ಎನ್ನಲಿಲ್ಲ. ಮುಂದಿನ ಸಲದಿಂದ ಅವನು ಒಳಗೆ ಬರುವುದನ್ನೇ ಬಿಟ್ಟ. ಥರ್ಮಾಸನ್ನು ಹೆಂಡತಿಯ ಕೈಯಲ್ಲಿ ಕೊಟ್ಟು ಹೊರಗಿನ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ.

ಗುರುವಾರ ಹಿಮೋಗ್ಲೋಬಿನ್ ಆರು ಪಾಯಿಂಟ್ ಮೂರಕ್ಕೆ ಬಂತು. ವೈದ್ಯರು ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರು. ಅಂಗಡಿಯ ಔಷಧಿಯೇ ಕಲಬೆರಕೆ ಇರಬಹುದೇ ಎಂದರು. ಅದನ್ನು ನಾನೂ ಯೋಚಿಸಿದ್ದೆ. ಕೆಂಭಾವಿಯ ಒಬ್ಬ ನಿವೃತ್ತ ಮೇಷ್ಟ್ರು ಪಕ್ಕದ ಹಾಸಿಗೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಅವರೂ ಅದೇ ಅಂಗಡಿಯಿಂದ ತರುವವರು. ಎರಡೂ ಸೀಸೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಕಂಪನಿ, ಒಂದೇ ಬ್ಯಾಚ್ ಸಂಖ್ಯೆ. ಮೇಷ್ಟ್ರು ತರುವ ರೀತಿಯೋ, ದೇವರಿಗೇ ಪ್ರೀತಿ. ಒದ್ದೆ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಅವರ ಹಿಮೋಗ್ಲೋಬಿನ್ ಹತ್ತೂಮುಕ್ಕಾಲು. ನಿಷ್ಕಾಳಜಿಯಿಂದ ತರುವವರ ರಕ್ತ ಏರುತ್ತಿದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತರುವವನ ಹೆಂಡತಿಯದು ಇಳಿಯುತ್ತಿದೆ. ನನಗೆ ಕೂದಲು ಕಿತ್ತುಕೊಳ್ಳುವ ಹಾಗಾಯಿತು.

‘ಎಲ್ಲಿ ಇಡ್ತೀರಿ ಸರ್ ನೀವು ಇದನ್ನ?’ ಎಂದು ಮೇಷ್ಟ್ರನ್ನು ಕೇಳಿದೆ.

‘ಎಲ್ಲಿ ಅಂದ್ರ? ಮನ್ಯಾಗ ಫ್ರಿಜ್ಜಿನ ಬಾಗಿಲಕ, ತತ್ತಿ ಇಡೂ ಜಾಗದಾಗ,’ ಎಂದರು.

ಆಗಲೂ ನನಗೆ ಹೊಳೆಯಲಿಲ್ಲ. ಆದರೆ ಸೀಸೆಗಳ ಮೇಲೆ ಮೂಡಿದ ಅನುಮಾನ ಹೋಗಲಿಲ್ಲ. ಕುರಿಗಾರನ ಸೀಸೆಯ ಕಾಗದದ ಚೀಟಿ ಸುಕ್ಕುಗಟ್ಟಿತ್ತು, ಅಂಚು ಎದ್ದಿತ್ತು. ಐಸಿನ ನೀರು ತಾಕಿ ಹೀಗಾಗಿದೆ ಎಂದುಕೊಂಡೆ. ವೈದ್ಯರಿಗೆ ಹೇಳಿದೆ: ‘ಸರ್, ಇವರ ಬಾಟ್ಲಿ ಬದಿಗಿಟ್ಟು ನಮ್ಮ ಫ್ರಿಜ್ಜಿನವು ಹಾಕಿ ನೋಡೋಣ. ಡೋಸು ಬದಲಿ ಮಾಡೂದು ಬ್ಯಾಡ. ಬಾಟ್ಲಿ ಅಷ್ಟೇ ಬದಲಿ.’

‘ಹಿಮೋಗ್ಲೋಬಿನ್ ಏರಲಿಕ್ಕೆ ಎರಡು ಮೂರು ವಾರ ಬೇಕಲ್ಲ ಸಿಸ್ಟರ್. ಅಷ್ಟು ದಿನ ಅವಳ ಕಡೆ ಎಲ್ಲಿವೆ?’

ಅದಕ್ಕೂ ಒಂದು ದಾರಿಯಿತ್ತು. ಮಜ್ಜೆ ಎಚ್ಚರಗೊಂಡರೆ ಮೊದಲು ಹೊರಬರುವುದು ಎಳೆಯ ಕೆಂಪು ಕಣಗಳು. ಒಟ್ಟು ಅಂಕಿ ಏರುವುದಕ್ಕೆ ಎಷ್ಟೋ ಮುಂಚೆ, ವಾರ ಹತ್ತು ದಿನದಲ್ಲಿ, ಅವುಗಳ ಪ್ರಮಾಣ ಏರುತ್ತದೆ. ಆ ದಿನವೇ ರಕ್ತ ತೆಗೆದು ಎಳೆ ಕಣಗಳನ್ನು ಎಣಿಸಲು ಯಾದಗಿರಿಗೆ ಕಳಿಸಿದೆವು. ನೂರಕ್ಕೆ ಸೊನ್ನೆ ಪಾಯಿಂಟ್ ಆರು ಎಂದು ಬಂತು. ಮಜ್ಜೆಗೆ ಯಾರೂ ಏನೂ ಹೇಳುತ್ತಿಲ್ಲವೆಂದೇ ಅದರ ಅರ್ಥ. ಹತ್ತು ಸಾವಿರ ಯೂನಿಟ್ಟು ಕೊಡುತ್ತಿದ್ದೇವೆ, ಮಜ್ಜೆಗೆ ಸುದ್ದಿಯೇ ಇಲ್ಲ.

ಘಟಕದ ವ್ಯವಸ್ಥಾಪಕ ತಕರಾರು ತೆಗೆದ. ದಾಸ್ತಾನು ತುರ್ತಿಗೆ ಇಟ್ಟಿದ್ದು, ಹೊರಗಿನಿಂದ ತರುವವರಿಗಲ್ಲ ಎಂದ. ಇದಕ್ಕಿಂತ ತುರ್ತು ಬೇರೆ ಯಾವುದಿದೆ ಎಂದು ಅವನ ಮೇಜಿನ ಎದುರು ಅರ್ಧ ಗಂಟೆ ಕೂತೆ. ಕೊನೆಗೆ ಬೇಸತ್ತು ಬೀಗದ ಕೈ ಕೊಟ್ಟ. ಗುರುವಾರ ಒಂದು ಸೂಜಿ, ಸೋಮವಾರ ಒಂದು, ಮತ್ತೆ ಗುರುವಾರ ಒಂದು. ಗಂಡನಿಗೆ ಹೇಳಲಿಲ್ಲ. ಅವನು ಕಳಿಸಿದ ಸೀಸೆಗಳಿಗೆ ಗುರುತು ಹಾಕಿ ಬೇರೆ ಇಟ್ಟೆ.

ಆ ಎರಡನೆಯ ಗುರುವಾರ ಅವಳನ್ನು ಗಂಡ ರಿಕ್ಷಾದಿಂದ ಎತ್ತಿಕೊಂಡು ಬಂದ. ಹಿಮೋಗ್ಲೋಬಿನ್ ಐದು ಪಾಯಿಂಟ್ ಒಂಬತ್ತು. ತುಟಿಯಲ್ಲಿ ಬಣ್ಣವಿರಲಿಲ್ಲ. ನಾಡಿ ನಿಮಿಷಕ್ಕೆ ನೂರಾ ಹತ್ತು. ಆಮ್ಲಜನಕ ಹಚ್ಚಿ, ಯಂತ್ರದ ವೇಗ ಇಳಿಸಿ ಡಯಾಲಿಸಿಸ್ ಮಾಡಿದೆವು. ಮುಂಜಾಗ್ರತೆಗೆಂದು ರಕ್ತನಿಧಿಯಲ್ಲಿ ಒಂದು ಯೂನಿಟ್ ರಕ್ತ ತೆಗೆದಿರಿಸಿದ್ದೆವು. ಬೇಕೆಂದಾಗ ತರಿಸಬಹುದಿತ್ತು. ಅಂದು ಕುರಿಗಾರ ಒಳಗೆ ಬಂದ. ನನ್ನ ಮುಖ ನೋಡದೆ ವೈದ್ಯರಿಗೆ ಹೇಳಿದ.

‘ಸಾಹೇಬ್ರ, ಅಕಿ ಉಸುರು ಬಿಡಾಕ ತ್ರಾಸ್ ಪಡಾಕತ್ತ್ಯಾಳ. ರಕ್ತ ಹಾಕಿಬಿಡ್ರಿ. ಮುಂದಿಂದು ಮುಂದ ನೋಡಮು.’

‘ಬ್ಯಾಡ್ರಿ,’ ಎಂದಳು ಹೆಂಡತಿ ಆಮ್ಲಜನಕದ ಮಾಸ್ಕಿನ ಒಳಗಿಂದ. ‘ಅವ್ವಂದು... ಬರಂಗಿಲ್ಲ ಆಮ್ಯಾಲ.’

‘ನೀ ಇದ್ರ ಅಲ್ಲೇನು ಅವ್ವಂದು?’ ಎಂದ ಗಂಡ. ಅವನ ದನಿ ಅಷ್ಟು ದೊಡ್ಡದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಇಬ್ಬರ ಮಾತೂ ಸರಿಯಿತ್ತು. ವೈದ್ಯರು ನನ್ನ ಕಡೆ ನೋಡಿದರು. ಸೀಸೆ ಬದಲಿಸಿ ಏಳು ದಿನವಾಗಿತ್ತು. ಎಳೆ ಕಣಗಳ ಲೆಕ್ಕ ಸಿಕ್ಕಿಬಿಟ್ಟರೆ ಒಂದು ತೀರ್ಮಾನಕ್ಕೆ ಬರಬಹುದಿತ್ತು. ‘ಶನಿವಾರದ ಸಂಜೆಯವರೆಗೆ ಟೈಮ್ ಕೊಡ್ರಿ ಸರ್,’ ಎಂದೆ. ಎದೆ ನೋವು ಬಂದರೆ ಅಥವಾ ನಾಡಿ ನೂರಿಪ್ಪತ್ತು ದಾಟಿದರೆ ಯಾರನ್ನೂ ಕೇಳದೆ ರಕ್ತ ತರಿಸಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಅವಳನ್ನು ಊರಿಗೆ ಕಳಿಸದೆ ನಮ್ಮಲ್ಲೇ ಒಂದು ಹಾಸಿಗೆ ಕೊಟ್ಟು ಇರಿಸಿಕೊಂಡೆವು. ಆ ಮಾತನ್ನು ನಾನು ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ಅವಳಿಗೆ ಏನಾದರೂ ಆದರೆ ಅದು ನನ್ನ ತಲೆಯ ಮೇಲೆಯೇ ಬರುತ್ತಿತ್ತು, ಬರಬೇಕಾದದ್ದೂ ನ್ಯಾಯವೇ.

ಗುರುವಾರ ಕಳಿಸಿದ ರಕ್ತಕ್ಕೆ ಯಾದಗಿರಿಯಿಂದ ವರದಿ ಬಂತು. ಹಿಮೋಗ್ಲೋಬಿನ್ ಇದೆ, ಬಿಳಿ ಕಣ ಇದೆ, ಪ್ಲೇಟ್‌ಲೆಟ್ ಇದೆ, ಎಳೆ ಕಣ ಮಾತ್ರ ಇಲ್ಲ. ಫೋನು ಮಾಡಿದರೆ, ನೀವು ಬರೆದದ್ದು ಕಾಣಲಿಲ್ಲ ಎಂದರು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ಶುಕ್ರವಾರ ಮತ್ತೆ ತೆಗೆದು ಕಳಿಸಿದೆ. ಮಧ್ಯಾಹ್ನ ಫೋನು ಬಂತು: ‘ಸ್ಯಾಂಪಲ್ ಗಟ್ಟಿ ಆಗ್ಯಾದ್ರಿ ಮೇಡಂ, ಇನ್ನೊಂದು ಕಳಸ್ರಿ.’ ಮೈಯಲ್ಲಿ ರಕ್ತವೇ ಇಲ್ಲದ ಹೆಂಗಸಿನ ರಕ್ತವನ್ನು ಹೀಗೆ ಮೂರು ಮೂರು ಸಲ ತೆಗೆಯಬೇಕಲ್ಲ ಎಂದು ಫೋನಿನಲ್ಲೇ ಕೂಗಾಡಿದೆ. ಆ ಕಡೆಯವನು ಪಾಪ ಸುಮ್ಮನೆ ಕೇಳಿಸಿಕೊಂಡ.

ಶನಿವಾರ ನಸುಕಿಗೇ ರಕ್ತ ತೆಗೆದು, ಗಟ್ಟಿಯಾಗದಂತೆ ಕೊಳವೆಯನ್ನು ಎಂಟು ಸಲ ಮೆಲ್ಲಗೆ ತಿರುಗಿಸಿ, ಕೈಚೀಲದಲ್ಲಿ ಇಟ್ಟುಕೊಂಡು ನಾನೇ ಯಾದಗಿರಿಯ ಬಸ್ಸು ಹತ್ತಿದೆ. ಭೀಮೆಯ ಸೇತುವೆ ದಾಟುವಾಗ ತಂತ್ರಜ್ಞನ ಫೋನು ಬಂತು, ನಾಡಿ ನೂರಾ ಹದಿನಾರು. ಪ್ರಯೋಗಾಲಯದವರ ಎದುರಿಗೆ ಹೋಗಿ ನಿಂತುಬಿಟ್ಟೆ. ಕೂಡ್ರಿ ಎಂದರೂ ಕೂಡಲಿಲ್ಲ. ಒಬ್ಬ ಹಿರಿಯ ತಂತ್ರಜ್ಞೆ ನೀಲಿ ಬಣ್ಣ ಬೆರೆಸಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸತೊಡಗಿದಳು. ಎಣಿಸಿ ಬರೆದುಕೊಂಡಳು, ಮತ್ತೊಂದು ಪಟ್ಟಿ ತೆಗೆದು ಮತ್ತೆ ಎಣಿಸಿದಳು.

‘ನಾಕು ಪಾಯಿಂಟ್ ಒಂದು ಅದ ನೋಡ್ರಿ,’ ಎಂದಳು. ‘ಎಳೇವು ಭಾಳ ಬಂದಾವ.’

ಹಿಮೋಗ್ಲೋಬಿನ್ ಕೂಡ ಆರು ಪಾಯಿಂಟ್ ಒಂದಕ್ಕೆ ಬಂದಿತ್ತು. ಇಳಿಯುವುದು ನಿಂತಿತ್ತು. ವೈದ್ಯರಿಗೆ ಅಲ್ಲಿಂದಲೇ ಹೇಳಿದೆ. ರಕ್ತ ಬೇಡ, ಸೂಜಿ ಮುಂದುವರಿಸಿ ಎಂದರು. ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಅತ್ತೆ. ಖುಷಿಯಿಂದಲೇ ಅತ್ತದ್ದು. ಆದರೆ ಅಳು ನಿಲ್ಲುವ ಮೊದಲೇ ಒಂದು ಪ್ರಶ್ನೆ ಎದ್ದಿತು. ಹಾಗಾದರೆ ನಾಲ್ಕು ತಿಂಗಳು ನಾನು ಚುಚ್ಚಿದ್ದು ಏನನ್ನು?

ಮರುದಿನ ಭಾನುವಾರ ಸುರಪುರಕ್ಕೆ ಹೋಗಿ ದೇವಾಪುರದ ಟಂಟಂ ಹಿಡಿದೆ. ಕುರಿಗಾರ ಹಿಂದಿನ ದಿನವೇ ಕುರಿಗಳನ್ನು ನೋಡಿಕೊಳ್ಳಲು ಊರಿಗೆ ಬಂದಿದ್ದ. ನನ್ನನ್ನು ಕಂಡು ಮುಖ ಬಿಗಿದುಕೊಂಡ. ಹೆಂಡತಿಗೆ ಏನಾದರೂ ಆಯಿತೇ ಎಂಬ ದಿಗಿಲೂ ಅದರಲ್ಲಿತ್ತು.

‘ಅಕಿ ಆರಾಮ ಅದಾಳ, ರಕ್ತ ಏರಾಕತ್ತದ,’ ಎಂದೆ. ‘ಬಾಟ್ಲಿ ಎಲ್ಲಿ ಇಡ್ತೀರಿ, ಅದೊಂದು ತೋರಸ್ರಿ.’

ಮನೆಯೊಳಗೆ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಓಣಿಯ ತುದಿಯ ಕಿರಾಣಿ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಐಸ್‌ಕ್ರೀಮಿನ ದೊಡ್ಡ ಪೆಟ್ಟಿಗೆಯ ಗಾಜಿನ ಮುಚ್ಚಳ ಸರಿಸಿ, ಪೆಪ್ಸಿ ಐಸಿನ ಕಟ್ಟುಗಳನ್ನು ಎತ್ತಿ ಬದಿಗಿಟ್ಟು, ತಳದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದ. ಅದರ ಮೇಲೆಲ್ಲ ಬಿಳಿ ಹಿಮ. ಒಳಗೆ ಐದು ಸೀಸೆ. ಒಂದನ್ನು ಎತ್ತಿ ಅಲ್ಲಾಡಿಸಿದೆ. ಒಳಗಿನದು ಅಲ್ಲಾಡಲಿಲ್ಲ, ಕಲ್ಲಾಗಿತ್ತು.

‘ಇಲ್ಲೇ ನಮ್ಮ ಕುರಿ ಲಸಿಕಿನೂ ಇಡ್ತೀವ್ರಿ,’ ಎಂದ ಅಂಗಡಿಯವನು. ‘ಕರೆಂಟ್ ಹ್ವಾದ್ರೂ ಒಂದು ದಿನ ಕರಗಂಗಿಲ್ಲ.’

ಕುರಿಗಾರ ಈಗ ಬಾಯಿ ಬಿಟ್ಟ. ಹಿಂದೊಂದು ವರ್ಷ ಕುರಿಗಳ ಸಿಡುಬಿನ ಲಸಿಕೆ ತರುವಾಗ ದಾರಿಯಲ್ಲಿ ಐಸು ಕರಗಿತ್ತಂತೆ. ಇರಲಿ ಎಂದು ಹಾಗೆಯೇ ಹಾಕಿಸಿದ್ದರಂತೆ. ‘ಬ್ಯಾನಿ ಬಂದು ಹದಿನೇಳು ಕುರಿ ಸತ್ತುವ್ರಿ. ದನದ ದವಾಖಾನಿ ಡಾಕ್ಟರ್ ಬೈದ್ರು, ಐಸ್ ಕರಗಿ ಲಸಿಕಿ ಸತ್ತಿತ್ತು, ಕುರಿಗಿ ಏನ್ ಹಾಕಿದ್ರಿ ಅಂತ. ಅವತ್ತಿನಿಂದ ನಮ್ಮ ಮಂದಿ ಯಾವ ಬಾಟ್ಲಿನೂ ಕಲ್ಲಾಗಲಾರದ ಇಡಂಗಿಲ್ಲ. ಇದನ್ನ ಮುಂಜಾನೆ ತಗದು ಥರ್ಮಾಸಿನಾಗ ಹಾಕ್ತೀನಿ, ಶಾಪುರ ಬರೂದರೊಳಗ ಕರಗಿರ್ತದ, ನಿಮಗ ಚುಚ್ಚಾಕ ಬರೋಬ್ಬರಿ ಆಗ್ತದ.’

ಅವನು ಮಾಡಿದ್ದು ಕುರಿಯ ಮಟ್ಟಿಗೆ ಅಕ್ಷರಶಃ ಸರಿ. ಆ ಲಸಿಕೆ ಒಣಗಿಸಿದ ಪುಡಿ, ಹಿಮದಲ್ಲಿದ್ದಷ್ಟೂ ಕಾಲ ಬಾಳುತ್ತದೆ. ನಮ್ಮ ಹಾರ್ಮೋನು ನೀರಿನಲ್ಲಿರುವ ಪ್ರೋಟೀನು. ಅದಕ್ಕೆ ಮಡಚಿಕೊಂಡ ಒಂದು ಆಕಾರವಿದೆ, ಆ ಮಡಿಕೆ ಇದ್ದರಷ್ಟೇ ಮಜ್ಜೆ ಅದನ್ನು ಗುರುತಿಸುತ್ತದೆ. ನೀರು ಹೆಪ್ಪುಗಟ್ಟಿದರೆ ಮಡಿಕೆ ಕೆಡುತ್ತದೆ. ಕರಗಿದ ಮೇಲೆ ನೋಡಲು ಮೊದಲಿನ ಹಾಗೆಯೇ ತಿಳಿಯಾಗಿ ಕಾಣುತ್ತದೆ. ಹೆಪ್ಪುಗಟ್ಟಿಸಬಾರದು ಎಂದು ರಟ್ಟಿನ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಅಚ್ಚಾಗಿದೆ. ಡಬ್ಬಿಯಲ್ಲಿ ಹಿಡಿಸುವುದಿಲ್ಲವೆಂದು ಅವನು ಆ ಪೆಟ್ಟಿಗೆಗಳನ್ನು ಎಸೆದಿದ್ದ. ಎಸೆಯದಿದ್ದರೂ ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದವಳು ನಾನು. ಅವಳ ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇಷ್ಟೇ ಇತ್ತು: ‘ಸೂಜಿಯನ್ನು ಐಸಿನಲ್ಲಿ ಇಟ್ಟು ತರಬೇಕು.’ ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ನಾಲ್ಕು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅಷ್ಟು ಶಿಸ್ತಿನ ಮನುಷ್ಯನನ್ನು ಏನು ಕೇಳುವುದು ಎಂದುಕೊಂಡಿದ್ದೆ.

ಸುಮ್ಮನಿದ್ದುಬಿಡಬಹುದಿತ್ತೇನೋ. ಆದರೆ ಹೇಳದಿದ್ದರೆ ಮುಂದೆ ತರುವ ಸೀಸೆಗಳೂ ಅದೇ ಪೆಟ್ಟಿಗೆಗೆ ಹೋಗುತ್ತಿದ್ದವು. ಹೇಳಿದೆ. ಅವನು ಡಬ್ಬಿಯೊಳಗಿನ ಸೀಸೆಗಳನ್ನೇ ಬಹಳ ಹೊತ್ತು ನೋಡಿದ.

‘ಹಂಗಾರ ನಾಕು ತಿಂಗಳು ಅಕಿಗಿ ಬರೇ ನೀರು ಹಾಕೀವೇನ್ರಿ?’

‘ಹಾಕಿದಾಕಿ ನಾ. ನೀವಲ್ಲ,’ ಎಂದೆ. ‘ಕಲ್ಲು ಮಾಡಬ್ಯಾಡ್ರಿ ಅಂತ ನಾ ಹೇಳಬೇಕಿತ್ತು, ಹೇಳಲಿಲ್ಲ. ಮ್ಯಾಲೆ ಅವತ್ತು ಎಲ್ಲಾರ ಮುಂದ ಅನಬಾರದ್ದು ಅಂದೆ. ತಪ್ಪಾತು.’

‘ಅಂದ್ರಿ,’ ಎಂದ. ‘ಆತು.’ ಆ ‘ಆತು’ವಿನಲ್ಲಿ ಕ್ಷಮೆ ಇರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟ. ‘ಇವನ್ನ ಒಯ್ದು ಚೆಲ್ರಿ. ಇನ್ನ ಮ್ಯಾಲ ಎಲ್ಲಿ ಇಡಬೇಕು ಅದು ಹೇಳ್ರಿ.’

ಅಲ್ಲಿಂದ ಮುಂದೆ ಅವನ ಸೀಸೆಗಳು ನಮ್ಮ ಘಟಕದ ಫ್ರಿಜ್ಜಿನಲ್ಲೇ ಇದ್ದವು. ತಿಂಗಳಿಗೊಮ್ಮೆ ಯಾದಗಿರಿಯಿಂದ ನೇರವಾಗಿ ತಂದು ನನ್ನ ಎದುರಿಗಿಟ್ಟು, ಎಣಿಸಿ, ಮಾತಾಡದೆ ಹೋಗುತ್ತಿದ್ದ. ನಾನು ಆ ಪುಸ್ತಕದ ಮೊದಲ ಪುಟ ಹರಿದು ಹೊಸದು ಬರೆದೆ. ಉಳಿದ ರೋಗಿಗಳ ಪುಸ್ತಕಗಳಲ್ಲೂ ಬರೆದೆ. ಒಬ್ಬೊಬ್ಬರನ್ನೂ ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದೆ. ಇನ್ನಿಬ್ಬರು ಫ್ರಿಜ್ಜಿನ ಮೇಲಿನ ಹಿಮದ ಗೂಡಿನಲ್ಲಿ ಇಡುತ್ತಿದ್ದರು. ಇದನ್ನು ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ.

ಹಿಮೋಗ್ಲೋಬಿನ್ ಏಳು ಮುಟ್ಟಿತು. ಎಂಟು ದಾಟಿತು. ಒಂಬತ್ತೂವರೆ ಆದ ವಾರ ಅವ್ವ ಮಗಳು ಇಬ್ಬರೂ ಹೈದರಾಬಾದಿಗೆ ಹೋಗಿ ಕೊನೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕು ತಿಂಗಳ ದಂಡ ಅವಳ ದೇಹ ತೆತ್ತಿತ್ತು. ಪರೀಕ್ಷೆಯೂ ಕೆಟ್ಟರೆ ನಾನು ಆ ಮನೆಯವರಿಗೆ ಮುಖ ತೋರಿಸುವಂತಿರಲಿಲ್ಲ. ವೈದ್ಯರೇ ಫೋನು ಮಾಡಿ ಹೇಳಿದರು, ಪ್ರತಿಕಾಯಗಳಿಲ್ಲ, ತಾಳೆಯಾಗಿದೆ ಎಂದು. ಅವರು ಯಾದಗಿರಿಯಲ್ಲಿ ರೈಲು ಹತ್ತಿದ ದಿನ ನನಗೆ ಪಾಳಿಯಿತ್ತು, ಹೋಗಲಾಗಲಿಲ್ಲ. ಹೋಗಿದ್ದರೂ ಆ ಗಂಡ ಮಾತಾಡಿಸುತ್ತಿದ್ದನೋ ಇಲ್ಲವೋ.

ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನದೇ ಫೋನು ಬಂತು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

‘ಅಕಿ ರಕ್ತ ಹನ್ನೊಂದೂವರಿ ಅದರಿ ಇವತ್ತು. ಸೂಜಿ ಬಂದ್ ಮಾಡಿ ತಿಂಗಳ ಮ್ಯಾಲಾತು. ಅವ್ವಂದು ಒಳಗ ತಾನ ತಯಾರ್ ಮಾಡಾಕತ್ತದಂತ, ಡಾಕ್ಟರ್ ಹೇಳಿದ್ರು.’

ಅವ್ವನ ಮೂತ್ರಪಿಂಡದ ಆ ಕೋಶಗಳು ಮಗಳ ರಕ್ತವನ್ನು ಅಳೆದು, ಕಡಿಮೆ ಇದೆ ಎಂದು ತಿಳಿದು, ಯಾರೂ ಹೇಳಿಕೊಡದೆ ತಮ್ಮ ಕೆಲಸ ಶುರು ಮಾಡಿದ್ದವು. ಭಾಳ ಚಲೋ ಆತು ಎಂದೆ.

‘ಇನ್ನ ಎಲ್ಲಿ ಇಡಬೇಕು, ಹೆಂಗ ಇಡಬೇಕು ಅಂತ ನಿಮ್ಮನ್ನ ಕೇಳೂದು ಉಳೀಲಿಲ್ಲ ನೋಡ್ರಿ, ಸಿಸ್ಟರ್,’ ಎಂದ.

‘ಇಲ್ರಿ, ಉಳೀಲಿಲ್ಲ,’ ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಅಷ್ಟರಲ್ಲಿ ಅವನು ಫೋನು ಇಟ್ಟುಬಿಟ್ಟ.